ಡ್ಯೂಯಿ ಗೆದ್ದ ಕೇಸು, ಸೋತ ಚುನಾವಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರ ನೇಮಕ ಹೇಗೆ ನಡೆಯುತ್ತದೆ ಎಂದು ಬರೆದಿದ್ದೆ. ಆಗ ನ್ಯೂಯಾರ್ಕಿನ ಪ್ರಾಸಿಕ್ಯೂಟರ್ ಥಾಮಸ್ ಡ್ಯೂಯಿ ಅವರ ಹೆಸರು ಒಂದು ಸಾಲಿನಲ್ಲಿ ಬಂತು. ಆ ಒಂದು ಸಾಲಿಗೇ ಜಾಸ್ತಿ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಪುಟಗಳು ಪೂರ್ತಿ ಅವರಿಗೇ. ನಾನು ಮಂಡ್ಯ, ಹಾಸನದ ಸೆಷನ್ಸ್ ಕೋರ್ಟುಗಳಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿದವಳು. ಡ್ಯೂಯಿ ಅವರನ್ನು ನೋಡುವುದೂ ಆ ಕಣ್ಣಿನಿಂದಲೇ.

ಮೇಡಂ, ನಮ್ಮಲ್ಲಿ ಪಿ.ಪಿ. ಅಂದರೆ ಸರ್ಕಾರ ನೇಮಿಸುವ ವಕೀಲರು. ಅಂಥವರೊಬ್ಬರು ಅಮೆರಿಕದ ಅಧ್ಯಕ್ಷ ಪದವಿಯ ಬಾಗಿಲವರೆಗೂ ಹೋದದ್ದು ಹೇಗೆ? ಡ್ಯೂಯಿ ಯಾರು ಅಂತ ಮೊದಲಿನಿಂದ ಹೇಳಿ.
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಅಲ್ಲಿಯ ಬಹುಪಾಲು ರಾಜ್ಯಗಳಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಅನ್ನುವ ಹುದ್ದೆಗೆ ಚುನಾವಣೆ ನಡೆಯುತ್ತದೆ. ಆ ಜಿಲ್ಲೆಯ ಮತದಾರರೇ ತಮ್ಮ ಪ್ರಾಸಿಕ್ಯೂಟರನ್ನು ಆರಿಸುತ್ತಾರೆ. ಹಾಗಾಗಿ ಕೋರ್ಟಿನಿಂದ ರಾಜಕೀಯಕ್ಕೆ ಅಲ್ಲಿ ದೂರ ಬಹಳ ಕಡಿಮೆ. ನಮ್ಮಲ್ಲಿ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ ಪ್ರಕಾರ ನೇಮಕವಾಗುತ್ತದೆ, ಮತಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ಡ್ಯೂಯಿ ಹುಟ್ಟಿದ್ದು 1902ರ ಮಾರ್ಚ್ 24ರಂದು, ಮಿಶಿಗನ್ ರಾಜ್ಯದ ಒವಾಸೊ ಅನ್ನುವ ಸಣ್ಣ ಊರಿನಲ್ಲಿ. ತಾತನ ಅಂಗಡಿಯ ಮೇಲಿನ ಮನೆಯಲ್ಲಿ. ತಂದೆ ಊರಿನ ಪತ್ರಿಕೆ ನಡೆಸುತ್ತಿದ್ದರು. ಹುಡುಗನಿಗೆ ಒಳ್ಳೆಯ ಕಂಠ ಇತ್ತು. 1923ರಲ್ಲಿ ರಾಷ್ಟ್ರಮಟ್ಟದ ಗಾಯನ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಬಂತು. ನ್ಯೂಯಾರ್ಕಿಗೆ ಬಂದಾಗ ಒಂದು ಕಡೆ ಸಂಗೀತ, ಇನ್ನೊಂದು ಕಡೆ ಕೊಲಂಬಿಯಾದಲ್ಲಿ ಕಾನೂನು ಓದು. ಒಂದು ಸಂಗೀತ ಕಛೇರಿಯಲ್ಲಿ ಗಂಟಲು ಕೈಕೊಟ್ಟಿತು. ಗಂಟಲನ್ನೇ ನಂಬಿ ಬದುಕುವುದು ಬೇಡ ಎಂದು ಕಾನೂನಿಗೇ ನಿಂತರು. ಮದುವೆಯಾದದ್ದೂ ಗಾಯಕಿಯನ್ನೇ, ಫ್ರಾನ್ಸಿಸ್ ಹಟ್ ಅವರನ್ನು.

ಮ್ಯಾನ್‌ಹಾಟನ್ನಿನ ಫೆಡರಲ್ (ಕೇಂದ್ರ ಸರ್ಕಾರದ) ಪ್ರಾಸಿಕ್ಯೂಟರ್ ಜಾರ್ಜ್ ಮೆಡಾಲಿ 1931ರಲ್ಲಿ ಈ ಹುಡುಗನನ್ನು ತಮ್ಮ ಮುಖ್ಯ ಸಹಾಯಕರನ್ನಾಗಿ ಮಾಡಿಕೊಂಡರು. ಆಗ ವಯಸ್ಸು 30 ಕೂಡ ಆಗಿರಲಿಲ್ಲ. ಪಾನನಿಷೇಧದ ಕಾಲ ಅದು. ವ್ಯಾಕ್ಸಿ ಗಾರ್ಡನ್ ಅನ್ನುವವನು ಕಳ್ಳ ಬಿಯರಿನಲ್ಲಿ ದುಡ್ಡು ಗುಡ್ಡೆ ಹಾಕಿದ್ದ. ಡ್ಯೂಯಿ ಅವನ ಬ್ಯಾಂಕ್ ಚೀಟಿ, ಫೋನ್ ಕರೆ, ಲಾರಿ, ಪೀಪಾಯಿಗಳ ಲೆಕ್ಕ ಹಿಡಿದು ಹೋದರು. 1933ರ ಕೊನೆಯಲ್ಲಿ ತೆರಿಗೆ ವಂಚನೆಗೆ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು.

1935ರಲ್ಲಿ ಮ್ಯಾನ್‌ಹಾಟನ್ನಿನ ಗ್ರ್ಯಾಂಡ್ ಜ್ಯೂರಿ ಬಂಡೆದ್ದಿತು. ಗ್ರ್ಯಾಂಡ್ ಜ್ಯೂರಿ ಅಂದರೆ ದೊಡ್ಡ ಅಪರಾಧದಲ್ಲಿ ಆರೋಪ ಹೊರಿಸಬೇಕೇ ಬೇಡವೇ ಎಂದು ಮೊದಲೇ ನೋಡುವ ಸಾಮಾನ್ಯ ನಾಗರಿಕರ ಗುಂಪು. ನಮ್ಮ ಡಿಸ್ಟ್ರಿಕ್ಟ್ ಅಟಾರ್ನಿ ಗ್ಯಾಂಗುಗಳ ಮೇಲೆ ಕೈ ಮಾಡುತ್ತಿಲ್ಲ, ಬೇರೆಯವರನ್ನು ಕೊಡಿ ಎಂದು ಅವರು ಪಟ್ಟು ಹಿಡಿದರು. ಗವರ್ನರ್ (ಅಲ್ಲಿ ನಮ್ಮ ಮುಖ್ಯಮಂತ್ರಿಯಂತೆ ರಾಜ್ಯ ಆಳುವವರು, ಜನರೇ ಆರಿಸುತ್ತಾರೆ) ಹರ್ಬರ್ಟ್ ಲೀಮನ್ ನಾಲ್ವರು ಹಿರಿಯ ವಕೀಲರ ಹೆಸರು ಮುಂದಿಟ್ಟರು. ನಾಲ್ವರೂ ಒಲ್ಲೆ ಎಂದು ಡ್ಯೂಯಿ ಕಡೆ ಬೆರಳು ತೋರಿಸಿದರು. ಲೀಮನ್ ಡೆಮಾಕ್ರಟ್, ಡ್ಯೂಯಿ ಎದುರಾಳಿ ಪಕ್ಷದ ರಿಪಬ್ಲಿಕನ್. ಆದರೂ ನೇಮಕವಾಯಿತು. ಡ್ಯೂಯಿ ಅವರಿಗೆ ಆಗ 33.

ನಾನು ಬೇಕರಿ ನಡೆಸುತ್ತೇನೆ. ಅಲ್ಲಿ ಅಂಗಡಿಯವರು, ಹೋಟೆಲಿನವರು ಗ್ಯಾಂಗುಗಳಿಗೆ ಸುಮ್ನೆ ದುಡ್ಡು ಕೊಡುತ್ತಿದ್ದರು ಎಂದು ಓದಿದೆ. ಯಾಕೆ ಯಾರೂ ದೂರು ಕೊಡಲಿಲ್ಲ?
— ವ್ಯಾಪಾರಿ, ಅರಸೀಕೆರೆ

ದೂರು ಕೊಟ್ಟವನಿಗೆ ಏನಾಗುತ್ತಿತ್ತು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು, ಅದಕ್ಕೆ. ಹೋಟೆಲ್ ಮಾಲೀಕರ ಸಂಘ ಎಂಬ ಹೆಸರಿನಲ್ಲಿ ವಂತಿಗೆ ವಸೂಲಿ ನಡೆಯುತ್ತಿತ್ತು. ಅದರ ಹಿಂದೆ ಇದ್ದವನು ಡಚ್ ಶುಲ್ಟ್ಸ್ ಎಂಬ ಗ್ಯಾಂಗ್ ನಾಯಕ. ಕೊಡದಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಗಬ್ಬು ನಾತದ ಬಾಂಬು ಒಳಗೆ ಬೀಳುತ್ತಿತ್ತು. ಆಮೇಲೆ ವಾರಗಟ್ಟಲೆ ಗಿರಾಕಿ ಬರುತ್ತಿರಲಿಲ್ಲ. ಕೋಳಿ ವ್ಯಾಪಾರದಲ್ಲಿ, ಹಿಟ್ಟು ಸಾಗಿಸುವ ಲಾರಿಗಳಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಎಲ್ಲ ಕಡೆ ಇದೇ. ನಿಮ್ಮ ಬೇಕರಿಗೆ ಬರುವ ಮೈದಾ ಮೂಟೆಗೂ ಒಬ್ಬ ಗೂಂಡಾ ಪಾಲು ಹಿಡಿದಿದ್ದಾನೆ ಅಂತ ನೆನೆಸಿಕೊಳ್ಳಿ.

ಡ್ಯೂಯಿ ಮೊದಲು ಕೈ ಹಾಕಿದ್ದು ಸಾಲ ಕೊಡುವವರ ಮೇಲೆ. ನಮ್ಮ ಮೀಟರ್ ಬಡ್ಡಿಯೇ ಅದು. ಇವತ್ತು 5 ಡಾಲರ್ ಕೊಟ್ಟು ಮುಂದಿನ ವಾರ 6 ವಸೂಲಿ. ವಾರಕ್ಕೆ ಶೇಕಡಾ 20, ವರ್ಷಕ್ಕೆ ಶೇಕಡಾ 1,040. 1935ರ ಅಕ್ಟೋಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹಿಡಿದರು. ಇದು ಸಣ್ಣ ಬೇಟೆ ಎಂದು ಕೆಲವರಿಗೆ ಅನಿಸಿರಬಹುದು. ನನಗೆ ಹಾಗೆ ಅನಿಸುವುದಿಲ್ಲ. ಸಾಲ ಮಾಡಿ ಪೆಟ್ಟು ತಿಂದವನು ಒಮ್ಮೆ ಬಂದು ಸಾಕ್ಷಿ ಹೇಳಿ, ಮನೆಗೆ ಜೀವಂತ ಹೋದರೆ, ಪಕ್ಕದ ಬೀದಿಯವನಿಗೆ ಧೈರ್ಯ ಬರುತ್ತದೆ. ಆ ಧೈರ್ಯ ಇಲ್ಲದೆ ಮುಂದಿನ ಯಾವ ಕೇಸೂ ನಿಲ್ಲುತ್ತಿರಲಿಲ್ಲ.

ಅವರ ಕಚೇರಿ ವುಲ್ವರ್ತ್ ಕಟ್ಟಡದ 14ನೇ ಮಹಡಿಯಲ್ಲಿತ್ತು. ಒಬ್ಬ ಸಾಕ್ಷಿ ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಸಣ್ಣ ಸಣ್ಣ ಕೋಣೆಗಳು. ಕಿಟಕಿಗಳಿಗೆ ಯಾವಾಗಲೂ ಪರದೆ. 20 ಜನ ಸಹಾಯಕ ವಕೀಲರು, ಲೆಕ್ಕ ನೋಡುವವರು, ಆರಿಸಿ ತೆಗೆದ ಪೊಲೀಸರು. ರೇಡಿಯೋದಲ್ಲಿ ಡ್ಯೂಯಿ ನೇರವಾಗಿ ಜನರಿಗೆ ಹೇಳಿದರು: ಬನ್ನಿ, ನಿಮಗೆ ರಕ್ಷಣೆ ಕೊಡುವುದು ನನ್ನ ಹೊಣೆ.

ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಕೋರ್ಟಿನ ಆವರಣದಲ್ಲಿ ಸಾಕ್ಷಿಯೂ ಆರೋಪಿಯ ಕಡೆಯವರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಸಮನ್ಸ್ ಹಿಡಿದು ಬೆಳಗಿನ ಬಸ್ಸಿಗೆ ಬಂದ ಹೆಂಗಸಿಗೆ ಅವರೇ ಟೀ ಕೊಡಿಸಿ, ಮಕ್ಕಳು ಯಾವ ಶಾಲೆಗೆ ಹೋಗುತ್ತವೆ ಎಂದು ವಿಚಾರಿಸುತ್ತಿದ್ದರು. ಅಷ್ಟು ಸಾಕು. ಕಟಕಟೆಗೆ ಬಂದರೆ, ನಾನೇನೂ ನೋಡಿಲ್ಲ ಸ್ವಾಮಿ. ಆಮೇಲೆ ಸಾಕ್ಷಿ ಹಾಸ್ಟೈಲ್ (ತಿರುಗಿಬಿದ್ದ) ಎಂದು ಬರೆದುಕೊಳ್ಳುವುದೊಂದೇ ಉಳಿಯುತ್ತಿತ್ತು. ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ ಜಾರಿ ಮಾಡಿಸಿದ್ದು 2018ರಲ್ಲಿ. ಈಗ ಹೊಸ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಅಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ವುಲ್ವರ್ತ್ ಕಟ್ಟಡದ ಆ ಕೋಣೆಗಳು 1935ರವು ಅನ್ನುವುದನ್ನು ಮರೆಯಬೇಡಿ.

ನ್ಯೂಯಾರ್ಕಿನ ಗ್ಯಾಂಗ್ ನಾಯಕ ಲಕ್ಕಿ ಲುಚಿಯಾನೋನನ್ನು ಹಿಡಿದದ್ದರಲ್ಲಿ ಒಬ್ಬ ಮಹಿಳಾ ವಕೀಲರ ಪಾತ್ರ ದೊಡ್ಡದು ಎಂದು ಕೇಳಿದ್ದೇನೆ. ನಿಜವೇ ಮೇಡಂ?
— ಕಿರಿಯ ವಕೀಲೆ, ಕಲಬುರಗಿ

ನಿಜ. ನೀವು ಕೇಳಿದ್ದು ನನಗೆ ತುಂಬಾ ಸಂತೋಷ. ಅವರ ಹೆಸರು ಯೂನಿಸ್ ಹಂಟನ್ ಕಾರ್ಟರ್. 1899ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ಅಜ್ಜ ಗುಲಾಮರಾಗಿದ್ದವರು. ಮದುವೆಯಾಗಿ, ಮಗುವಾದ ಮೇಲೆ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಡ್ಯೂಯಿ ಆರಿಸಿದ 20 ಸಹಾಯಕರಲ್ಲಿ ಹೆಣ್ಣು ಅವರೊಬ್ಬರೇ, ಕಪ್ಪು ಜನಾಂಗದವರೂ ಅವರೊಬ್ಬರೇ.

ವೇಶ್ಯಾವಾಟಿಕೆ ಕೇಸುಗಳು ನಡೆಯುವ ಮಹಿಳಾ ಕೋರ್ಟಿನಲ್ಲಿ ಅವರು ಮೊದಲು ಕೆಲಸ ಮಾಡಿದ್ದರು. ಅಲ್ಲಿ ಒಂದು ಸಂಗತಿ ಗಮನಕ್ಕೆ ಬಂದಿತ್ತು. ಬೇರೆ ಬೇರೆ ಮನೆಗಳಿಂದ ಹಿಡಿದು ತಂದ ಹೆಂಗಸರಿಗೆ ಅದೇ ವಕೀಲರು. ಜಾಮೀನು ಕೊಡುವವರೂ ಅವರೇ. ಹೆಂಗಸರು ಹೇಳುವ ಕತೆಯೂ ಒಂದೇ ಥರ: ನಾನು ಬೇರೆ ಊರಿನವಳು, ಗೆಳತಿಯನ್ನು ನೋಡಲು ಬಂದಿದ್ದೆ. ಆಮೇಲೆ ಬಿಡುಗಡೆ. ಬೀದಿ ಬೀದಿಯ ಇಷ್ಟು ಮನೆಗಳಿಗೆ ಒಬ್ಬನೇ ವಕೀಲ ಹೇಗೆ ಬರುತ್ತಾನೆ? ಯಾರೋ ಒಂದು ಕಡೆ ಕೂತು ಎಲ್ಲವನ್ನೂ ನಡೆಸುತ್ತಿರಬೇಕು.

ಡ್ಯೂಯಿ ಮೊದಲು ಒಪ್ಪಲಿಲ್ಲ. ನಾನು ಬಂದಿರುವುದು ಸುಲಿಗೆ ಗ್ಯಾಂಗುಗಳನ್ನು ಹಿಡಿಯಲು, ಜನರ ನಡತೆ ತಿದ್ದಲು ಅಲ್ಲ ಎಂಬುದು ಅವರ ನಿಲುವು. ಕಾರ್ಟರ್ ಬಿಡಲಿಲ್ಲ. ಇನ್ನೊಬ್ಬ ಸಹಾಯಕ ಮರ್ರೆ ಗರ್ಫೈನ್ ಜೊತೆ ಸೇರಿ ಒತ್ತಾಯಿಸಿ ಒಪ್ಪಿಸಿದರು. (ಇದೇ ಗರ್ಫೈನ್ 1971ರಲ್ಲಿ ನ್ಯಾಯಾಧೀಶರಾಗಿ, ವಿಯೆಟ್ನಾಂ ಯುದ್ಧದ ರಹಸ್ಯ ಕಾಗದಗಳನ್ನು ಪತ್ರಿಕೆ ಅಚ್ಚುಹಾಕುವುದನ್ನು ತಡೆಯಲು ನಿರಾಕರಿಸಿದರು.) ಹೆಂಗಸರನ್ನು ಶಿಕ್ಷಿಸುವುದಲ್ಲ, ಅವರ ದುಡಿಮೆಯಲ್ಲಿ ವಾರ ವಾರ ಪಾಲು ಎತ್ತುವವರನ್ನು ಹಿಡಿಯುವುದು ಉದ್ದೇಶವಾಯಿತು.

1936ರ ಫೆಬ್ರುವರಿ 1ರ ರಾತ್ರಿ ನ್ಯೂಯಾರ್ಕಿನ ಹತ್ತಾರು ಮನೆಗಳ ಮೇಲೆ ಒಂದೇ ಹೊತ್ತಿಗೆ ದಾಳಿ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಪೊಲೀಸರಿಗೇ ಕೊನೆಯ ಗಳಿಗೆಯವರೆಗೆ ತಿಳಿಸಿರಲಿಲ್ಲ. ಆದೇಶ ಮುಚ್ಚಿದ ಲಕೋಟೆಯಲ್ಲಿತ್ತು. ಸುದ್ದಿ ಸೋರದೇ ಇದ್ದದ್ದು ಅದಕ್ಕೇ. ಸುಮಾರು ನೂರು ಹೆಂಗಸರು ಸಿಕ್ಕರು. ಮಾಮೂಲಿ ಜಾಮೀನುದಾರರು ಬಂದು ಬಿಡಿಸಿಕೊಂಡು ಹೋಗದಂತೆ ಒಬ್ಬೊಬ್ಬರಿಗೂ 10,000 ಡಾಲರ್ ಜಾಮೀನು ಇಟ್ಟರು. ನಮ್ಮನ್ನು ಬಿಡಿಸುವವರು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಕೊನೆಗೆ ಲುಚಿಯಾನೋ ಹೆಸರು ಬಂತು.

ಅವನು ಅರ್ಕನ್ಸಾಸ್ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ಗೆ ಓಡಿದ. ಅಲ್ಲಿ ಅವನನ್ನು ಹಿಡಿದು ತಂದರು. ಮೇ ತಿಂಗಳಲ್ಲಿ ವಿಚಾರಣೆ ಶುರುವಾಯಿತು, ಜೂನ್ 7ರಂದು ಜ್ಯೂರಿ, ಅಂದರೆ ವಿಚಾರಣೆ ಕೇಳಿ ತೀರ್ಮಾನ ಹೇಳುವ ನಾಗರಿಕರ ಗುಂಪು, ಅವನು ತಪ್ಪಿತಸ್ಥ ಎಂದಿತು. 62 ಆರೋಪಗಳು. 30ರಿಂದ 50 ವರ್ಷ ಶಿಕ್ಷೆ. ಇಷ್ಟು ಆರೋಪಗಳನ್ನು ಒಂದೇ ವಿಚಾರಣೆಯಲ್ಲಿ ಸೇರಿಸಲು ನ್ಯೂಯಾರ್ಕಿನಲ್ಲಿ ಕಾನೂನನ್ನೇ ಆ ವರ್ಷ ಬದಲಾಯಿಸಿದ್ದರು. ನಮ್ಮಲ್ಲಿ ಒಂದೇ ಬಗೆಯ ಅಪರಾಧಗಳನ್ನು ಹೀಗೆ ಸೇರಿಸಲು ಮೊದಲು ಮೂರರ ಮಿತಿ ಇತ್ತು, ಈಗ ಐದು.

ಪತ್ರಿಕೆಗಳ ಮೊದಲ ಪುಟದಲ್ಲಿ ಬಂದದ್ದು ಡ್ಯೂಯಿ ಅವರ ಮೀಸೆಯ ಫೋಟೋ. ಜಾಮೀನುದಾರರ ಹೆಸರುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದವರು ಕಾರ್ಟರ್. ನೀವು ಕಿರಿಯ ವಕೀಲೆ, ಇದನ್ನು ಬರೆದಿಟ್ಟುಕೊಳ್ಳಿ.

ಡಚ್ ಶುಲ್ಟ್ಸ್ ಡ್ಯೂಯಿ ಅವರನ್ನು ಕೊಲ್ಲಿಸಲು ಹೊರಟಿದ್ದು ಹೌದೇ?
— ಓದುಗರು, ಸಾಗರ

ಹೌದು. ಬೇರೆ ಗ್ಯಾಂಗಿನವರು ಒಪ್ಪಲಿಲ್ಲ. ಪ್ರಾಸಿಕ್ಯೂಟರನ್ನು ಮುಟ್ಟಿದರೆ ಸರ್ಕಾರ ನಮ್ಮೆಲ್ಲರ ಮೇಲೆ ಬೀಳುತ್ತದೆ ಎಂಬ ಹೆದರಿಕೆ. 1935ರ ಅಕ್ಟೋಬರ್ 23ರಂದು ನ್ಯೂಯಾರ್ಕಿನ ಪಕ್ಕದ ನ್ಯೂವರ್ಕಿನಲ್ಲಿ ಒಂದು ಹೋಟೆಲಿನೊಳಗೆ ಅವರೇ ಶುಲ್ಟ್ಸ್‌ಗೆ ಗುಂಡು ಹಾರಿಸಿದರು. ಮರುದಿನ ಸತ್ತ. ಡ್ಯೂಯಿ ಅವರಿಗೆ ಈ ಸಂಚಿನ ವಿವರ ತಿಳಿದದ್ದು ಕೆಲವು ವರ್ಷಗಳ ನಂತರ.

ಲುಚಿಯಾನೋ ಕೇಸಿನಲ್ಲಿ ಸಾಕ್ಷಿ ಹೇಳಿದ ಹೆಂಗಸರು ಆಮೇಲೆ ಮಾತು ಬದಲಿಸಿದರಂತೆ. ಹತ್ತೇ ವರ್ಷಕ್ಕೆ ಡ್ಯೂಯಿ ಅವರೇ ಅವನನ್ನು ಬಿಟ್ಟರಂತೆ. ಹಾಗಾದರೆ ಆ ಕೇಸು ಸಾಚಾ ಹೌದೋ ಅಲ್ಲವೋ?
— ನಿವೃತ್ತ ಹೆಡ್ ಕಾನ್‌ಸ್ಟೇಬಲ್, ದಾವಣಗೆರೆ

ನೀವು ಕೇಳಿದ ಎರಡೂ ಸಂಗತಿ ನಿಜ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಹೆಂಗಸರನ್ನು ತಿಂಗಳುಗಟ್ಟಲೆ ಸಾಕ್ಷಿಗಳೆಂದು ಬಂಧನದಲ್ಲೇ ಇಟ್ಟಿದ್ದರು. ಅವರಲ್ಲಿ ಹಲವರು ಮಾದಕ ವಸ್ತುವಿನ ಚಟಕ್ಕೆ ಬಿದ್ದವರು. ಸಾಕ್ಷಿ ಹೇಳಿದರೆ ನಿನ್ನ ಮೇಲೆ ಕೇಸಿಲ್ಲ, ಹೇಳದಿದ್ದರೆ ಜೈಲು. ಅಂಥ ಹೊತ್ತಿನಲ್ಲಿ ಬಂದ ಮಾತನ್ನು ಎಷ್ಟು ನಂಬಬೇಕು? 1937ರಲ್ಲಿ ಮೂವರು ಮುಖ್ಯ ಸಾಕ್ಷಿಗಳು ನಾವು ಹೇಳಿದ್ದು ಸುಳ್ಳು ಎಂದು ಪ್ರಮಾಣಪತ್ರ ಕೊಟ್ಟರು. ಲುಚಿಯಾನೋ ಕಡೆಯವರು ಹೆದರಿಸಿ ಬರೆಸಿದ್ದು ಎಂದು ಡ್ಯೂಯಿ ಕಡೆಯವರು ವಾದಿಸಿದರು. ಕೋರ್ಟ್ ಮರುವಿಚಾರಣೆ ಕೊಡಲಿಲ್ಲ. 1938ರಲ್ಲಿ ರಾಜ್ಯದ ಅತ್ಯುನ್ನತ ಮೇಲ್ಮನವಿ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಲುಚಿಯಾನೋ ದೊಡ್ಡ ಅಪರಾಧಿ ಅನ್ನುವುದರಲ್ಲಿ ಸಂಶಯವೇ ಇಲ್ಲ. ಅವನನ್ನು ಆ ಮನೆಗಳ ಜಾಲಕ್ಕೆ ಕಟ್ಟಿಹಾಕಿದ ಸಾಕ್ಷ್ಯ ಮಾತ್ರ ತೆಳುವಾಗಿತ್ತು. ಅದನ್ನು ಗಟ್ಟಿ ಮಾಡಿದ್ದು ಹೋಟೆಲಿನ ಕೆಲಸದವರು. ಅವನು ವಾಲ್ಡಾರ್ಫ್ ಹೋಟೆಲಿನಲ್ಲಿ ಚಾರ್ಲ್ಸ್ ರಾಸ್ ಎಂಬ ಸುಳ್ಳು ಹೆಸರಿನಲ್ಲಿ ಇದ್ದ. ಅವನ ಕೋಣೆಗೆ ಯಾರು ಯಾರು ಬರುತ್ತಿದ್ದರು ಎಂದು ಅಲ್ಲಿ ಊಟ ತಂದುಕೊಡುವವರು, ಕೋಣೆ ಗುಡಿಸುವ ಹೆಂಗಸರು ಬಂದು ಗುರುತಿಸಿದರು. ಅವರಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಕೇಸು ನಿಂತದ್ದು ಅವರ ಹೆಗಲ ಮೇಲೆ ಎಂದು ನಾನು ತಿಳಿದಿದ್ದೇನೆ. ಆ ಹೆಂಗಸರನ್ನು ಬಂಧನದಲ್ಲಿಟ್ಟು ಸಾಕ್ಷಿ ಪಡೆದ ರೀತಿ ನನಗೆ ಒಪ್ಪಿಗೆಯಿಲ್ಲ. ಸಾಕ್ಷಿಯನ್ನು ಹೆದರಿಕೆಯಿಂದ ಕಾಪಾಡುತ್ತೇನೆ ಎಂದು ರೇಡಿಯೋದಲ್ಲಿ ಮಾತು ಕೊಟ್ಟವರೇ ಸಾಕ್ಷಿಯನ್ನು ಹೆದರಿಸಬಾರದಿತ್ತು.

ಬಿಡುಗಡೆಯ ವಿಷಯ. ಎರಡನೇ ಮಹಾಯುದ್ಧದಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಶತ್ರುಗಳ ಕೈವಾಡ ತಡೆಯಲು ಅಮೆರಿಕದ ನೌಕಾಪಡೆ ಬಂದರು ಕೂಲಿಗಳ ಸಹಾಯ ಹುಡುಕಿತು. ಅವರ ಮೇಲೆ ಹಿಡಿತವಿದ್ದವನು ಜೈಲಿನಲ್ಲಿದ್ದ ಲುಚಿಯಾನೋ. ಅವನು ಸಹಕರಿಸಿದ. 1946ರ ಜನವರಿಯಲ್ಲಿ, ಆಗ ಗವರ್ನರ್ ಆಗಿದ್ದ ಡ್ಯೂಯಿ, ಪರೋಲ್ ಮಂಡಳಿಯ ಶಿಫಾರಸಿನ ಮೇಲೆ ಶಿಕ್ಷೆ ಕಡಿಮೆ ಮಾಡಿ ಅವನನ್ನು ಇಟಲಿಗೆ ಗಡಿಪಾರು ಮಾಡಿದರು. ದುಡ್ಡು ತಿಂದು ಬಿಟ್ಟರು ಎಂದು ಗುಲ್ಲೆದ್ದಿತು. ರಾಜ್ಯದ ತನಿಖಾ ಆಯುಕ್ತ ವಿಲಿಯಂ ಹರ್ಲೆಂಡ್ಸ್ ಅವರಿಂದ 1954ರಲ್ಲಿ ಪೂರ್ತಿ ತನಿಖೆ ಮಾಡಿಸಿದರು. ನೌಕಾಪಡೆಗೆ ಸಹಾಯವಾದದ್ದು ನಿಜ ಎಂದು ಸಾಬೀತಾಯಿತು. ನೌಕಾಪಡೆ ಈ ಸಂಗತಿ ಹೊರಗೆ ಬರುವುದು ಬೇಡ ಎಂದಿತು. ಡ್ಯೂಯಿ ವರದಿಯನ್ನು ಪ್ರಕಟಿಸದೆ ಇಟ್ಟರು. ತಮ್ಮ ಮೇಲಿನ ಕಳಂಕ ತೊಳೆಯುವ ಕಾಗದ ಕೈಯಲ್ಲೇ ಇದ್ದರೂ ಸುಮ್ಮನಿದ್ದರು.

ಯುದ್ಧದ ಮಧ್ಯೆ 1944ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ವಿರುದ್ಧ ಚುನಾವಣೆಗೆ ನಿಂತಾಗ ಡ್ಯೂಯಿ ಒಂದು ರಹಸ್ಯ ಬಿಚ್ಚಿಡಬಹುದಿತ್ತು, ಬಿಚ್ಚಲಿಲ್ಲ ಎನ್ನುತ್ತಾರೆ. ಏನದು?
— ಇತಿಹಾಸ ಉಪನ್ಯಾಸಕರು, ಶಿರಸಿ

ಜಪಾನಿನ ರಹಸ್ಯ ಸಂದೇಶಗಳ ಸಂಕೇತ ಭಾಷೆಯನ್ನು ಅಮೆರಿಕ ಮೊದಲೇ ಬಿಡಿಸಿತ್ತು ಎಂಬ ಸುಳಿವು ಡ್ಯೂಯಿ ಅವರಿಗೆ ಸಿಕ್ಕಿತ್ತು. ಪರ್ಲ್ ಹಾರ್ಬರ್ ದಾಳಿಯ ಮುನ್ನ ರೂಸ್ವೆಲ್ಟ್ ಅವರಿಗೆ ಬಹಳಷ್ಟು ಗೊತ್ತಿತ್ತು ಎಂದು ಭಾಷಣ ಮಾಡಿದ್ದರೆ ಚುನಾವಣೆಯ ದಿಕ್ಕೇ ಬದಲಾಗಬಹುದಿತ್ತು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಸೆಪ್ಟೆಂಬರಿನಲ್ಲಿ ಒಬ್ಬ ಕರ್ನಲ್ ಕೈಲಿ ಪತ್ರ ಕಳಿಸಿದರು. ಕರ್ನಲ್ ಮಾಮೂಲಿ ಬಟ್ಟೆಯಲ್ಲಿ ಒಕ್ಲಹೋಮಾದ ಟಲ್ಸಾಗೆ ಬಂದು ಡ್ಯೂಯಿ ಅವರನ್ನು ಕಂಡರು. ಮೊದಲ ಸಾಲುಗಳನ್ನು ಓದಿ ಡ್ಯೂಯಿ ಪತ್ರ ವಾಪಸು ಕೊಟ್ಟರು. ಮುಂದೆ ಓದಿದರೆ ತನಗೆ ಗೊತ್ತಿದ್ದ ಸಂಗತಿಯನ್ನೂ ಹೇಳದಂತೆ ಬಾಯಿಗೆ ಬೀಗ ಬೀಳುತ್ತದೆ ಅನ್ನುವ ಅನುಮಾನ. ವಕೀಲರ ಬುದ್ಧಿ ಅದು, ಸರಿಯಾದದ್ದೇ.

ಮತ್ತೊಮ್ಮೆ ಬಂದಾಗ ಓದಿದರು. ಜಪಾನ್ ಇನ್ನೂ ಅದೇ ಸಂಕೇತಗಳನ್ನು ಬಳಸುತ್ತಿದೆ, ಗುಟ್ಟು ಹೊರಬಿದ್ದರೆ ನಮ್ಮ ಸೈನಿಕರ ಪ್ರಾಣ ಹೋಗುತ್ತದೆ ಎಂದು ಮಾರ್ಷಲ್ ಬರೆದಿದ್ದರು. ಡ್ಯೂಯಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. 432 ಎಲೆಕ್ಟೋರಲ್ ಮತಗಳಿಗೆ ಎದುರಾಗಿ ಬರೀ 99 ಪಡೆದು ಸೋತರು. (ಅಲ್ಲಿ ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟೋರಲ್ ಮತ, ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಅಷ್ಟೂ ಸಿಗುತ್ತದೆ.) ಅವರ ಇಡೀ ರಾಜಕೀಯ ಜೀವನದಲ್ಲಿ ನಾನು ಎದ್ದು ನಿಂತು ಗೌರವಿಸುವ ಕೆಲಸ ಇದು.

ಅಧ್ಯಕ್ಷ ಟ್ರೂಮನ್ ನಗುತ್ತಾ ಹಿಡಿದಿರುವ ಆ ಪತ್ರಿಕೆಯ ಫೋಟೋ ನೋಡಿದ್ದೇನೆ. ಎಲ್ಲರೂ ಗೆಲ್ಲುತ್ತಾರೆ ಎಂದ ಡ್ಯೂಯಿ 1948ರಲ್ಲಿ ಹೇಗೆ ಸೋತರು?
— ಪತ್ರಿಕೆ ಏಜೆಂಟ್, ಗದಗ

ಷಿಕಾಗೋದ ಟ್ರಿಬ್ಯೂನ್ ಪತ್ರಿಕೆ ಅದು. ಅಚ್ಚುಮೊಳೆ ಜೋಡಿಸುವವರ ಮುಷ್ಕರದಿಂದಾಗಿ ಪುಟವನ್ನು ಬೇಗ ಮುಗಿಸಬೇಕಿತ್ತು. ಮತ ಎಣಿಕೆ ಮುಗಿಯುವ ಮೊದಲೇ ಡ್ಯೂಯಿ ಗೆದ್ದರು ಎಂದು ತಲೆಬರಹ ಹಾಕಿದರು. ಸಮೀಕ್ಷೆ ಮಾಡುವವರೂ ಕೊನೆಯ ವಾರಗಳಲ್ಲಿ ಜನರನ್ನು ಕೇಳುವುದನ್ನೇ ನಿಲ್ಲಿಸಿದ್ದರು.

ಸೋಲಿನ ಅಳತೆ ನೋಡಿ. ಎಲೆಕ್ಟೋರಲ್ ಮತ ಟ್ರೂಮನ್ 303, ಡ್ಯೂಯಿ 189, ದಕ್ಷಿಣದ ಥರ್ಮಂಡ್ 39. ಆದರೆ ಟ್ರೂಮನ್ ಒಹಾಯೋವನ್ನು ಗೆದ್ದದ್ದು 7,107 ಮತಗಳಿಂದ. ಕ್ಯಾಲಿಫೋರ್ನಿಯಾವನ್ನು 18 ಸಾವಿರಕ್ಕೂ ಕಡಿಮೆ, ಇಲಿನಾಯ್ಸನ್ನು 34 ಸಾವಿರಕ್ಕೂ ಕಡಿಮೆ ಅಂತರದಿಂದ. ಈ ಮೂರು ರಾಜ್ಯ ಈ ಕಡೆ ಬಂದಿದ್ದರೆ ಡ್ಯೂಯಿ ಅವರಿಗೆ 267. ಬೇಕಾಗಿದ್ದದ್ದು 266.

ಕಾರಣ ಹುಡುಕಲು ನಾನು ಬಹಳ ದೂರ ಹೋಗುವುದಿಲ್ಲ. ಅವರು ಕೇಸು ಮಂಡಿಸಲೇ ಇಲ್ಲ. 1936ರಲ್ಲಿ ಜ್ಯೂರಿಯ ಮುಂದೆ ನಿಂತಾಗ ಅವರ ಪ್ರತಿ ಮಾತಿಗೂ ಒಂದು ತಾರೀಕು, ಒಂದು ಚೀಟಿ, ಒಬ್ಬ ಸಾಕ್ಷಿ ಇರುತ್ತಿತ್ತು. 1948ರ ಭಾಷಣಗಳಲ್ಲಿ ಐಕ್ಯತೆ ಬೇಕು, ಭವಿಷ್ಯ ನಮ್ಮ ಮುಂದಿದೆ, ಇಂಥವೇ ಮಾತು. ಹೇಗೂ ಗೆಲ್ಲುತ್ತೇವೆ, ಸುಮ್ನೆ ಯಾರನ್ನೂ ನೋಯಿಸುವುದು ಬೇಡ ಅನ್ನುವುದು ಅವರ ಪಾಳಯದ ಲೆಕ್ಕ. ಟ್ರೂಮನ್ ರೈಲಿನಲ್ಲಿ ಊರೂರು ಸುತ್ತಿ ಆಯಾ ಊರಿನ ಕಷ್ಟ ಹಿಡಿದು ಮಾತಾಡಿದರು. ಆ ಬೇಸಿಗೆಯಲ್ಲಿ ಜೋಳದ ಬೆಲೆ ಬೀಳುತ್ತಿತ್ತು, ರೈತರಿಗೆ ಧಾನ್ಯ ಇಡಲು ಸರ್ಕಾರಿ ಕಣಜ ಸಾಲುತ್ತಿರಲಿಲ್ಲ. ಟ್ರೂಮನ್ ಅದನ್ನು ರಿಪಬ್ಲಿಕನ್ನರ ತಲೆಗೆ ಕಟ್ಟಿದರು. ಡ್ಯೂಯಿ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ರಿಪಬ್ಲಿಕನ್ನರ ಕೋಟೆಯಾದ ಅಯೋವಾ ರಾಜ್ಯದಲ್ಲೂ ಸೋತರು.

ಇಲಿನಾಯ್ಸಿನ ಒಂದು ನಿಲ್ದಾಣದಲ್ಲಿ ಅವರು ಮಾತಾಡುತ್ತಿರುವಾಗ ರೈಲು ಜನರ ಕಡೆ ಸ್ವಲ್ಪ ಹಿಂದಕ್ಕೆ ಸರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಡ್ಯೂಯಿ ಮೈಕಿನಲ್ಲೇ ಚಾಲಕ ಹುಚ್ಚ, ಗುಂಡಿಕ್ಕಬೇಕು ಎಂಬರ್ಥದ ಮಾತು ಆಡಿಬಿಟ್ಟರು. ರೈಲ್ವೆ ಕಾರ್ಮಿಕರು ಅದನ್ನು ಮರೆಯಲಿಲ್ಲ. ಮೀಟರ್ ಬಡ್ಡಿಯಲ್ಲಿ ನರಳಿದವನನ್ನು ಕೋಣೆಯಲ್ಲಿ ಕೂರಿಸಿ ಗಂಟೆಗಟ್ಟಲೆ ಕೇಳಿಸಿಕೊಂಡಿದ್ದ ಮನುಷ್ಯ ಇವರೇನಾ ಅಂತ ನನಗೆ ಬೇಸರವಾಗುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಅವರು ಬೇರೆಯೇ ಆಗಿದ್ದರು ಅನ್ನುವುದನ್ನೂ ಹೇಳಬೇಕು. ಆರೆಗಾನ್ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಯ ಟಿಕೆಟಿಗೆ ಪೈಪೋಟಿಯಲ್ಲಿದ್ದ ತಮ್ಮದೇ ಪಕ್ಷದ ಹೆರಾಲ್ಡ್ ಸ್ಟ್ಯಾಸೆನ್ ಜೊತೆ ರೇಡಿಯೋ ವಾದ ನಡೆಯಿತು. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಬೇಕು ಎಂದರು ಸ್ಟ್ಯಾಸೆನ್. ವಿಚಾರಗಳನ್ನು ಬಂದೂಕಿನಿಂದ ಹೊಡೆಯಲು ಆಗುವುದಿಲ್ಲ ಎಂದರು ಡ್ಯೂಯಿ. ಈಗಾಗಲೇ ಇರುವ ಕಾನೂನುಗಳನ್ನು ಒಂದೊಂದಾಗಿ ಹೆಸರಿಸಿ, ಹೊಸದು ಯಾಕೆ ಬೇಡ ಎಂದು ವಾದಿಸಿ ಗೆದ್ದರು. ಕಮ್ಯುನಿಸ್ಟರ ಭಯ ಏರುತ್ತಿದ್ದ ಕಾಲದಲ್ಲಿ ಹೀಗೆ ಹೇಳಲು ಎದೆಗಾರಿಕೆ ಬೇಕಿತ್ತು.

ಗವರ್ನರ್ ಆಗಿ ಏನಾದರೂ ಮಾಡಿದರೇ, ಅಥವಾ ಬರೀ ಅಧ್ಯಕ್ಷ ಪದವಿಯ ಕನಸೇ?
— ಓದುಗರು, ಕೊಳ್ಳೇಗಾಲ

1942ರಲ್ಲಿ ಗೆದ್ದು 12 ವರ್ಷ ಆಳಿದರು. ಕೆಲಸಕ್ಕೆ ತೆಗೆದುಕೊಳ್ಳುವಾಗ ಜನಾಂಗ, ಧರ್ಮ, ಬಣ್ಣ ನೋಡಬಾರದು ಎಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದ ರಾಜ್ಯ ನ್ಯೂಯಾರ್ಕ್, 1945ರಲ್ಲಿ. ರಾಜ್ಯ ವಿಶ್ವವಿದ್ಯಾಲಯ ಶುರುವಾದದ್ದು 1948ರಲ್ಲಿ. ನ್ಯೂಯಾರ್ಕಿನಿಂದ ಬಫಲೋ ಕಡೆಗಿನ ದೊಡ್ಡ ಹೆದ್ದಾರಿ ಅವರ ಕಾಲದ್ದು, ಈಗ ಅವರದೇ ಹೆಸರಿನಲ್ಲಿದೆ. ಮರಣದಂಡನೆಗೆ ಅವರು ಹಿಂಜರಿಯುತ್ತಿರಲಿಲ್ಲ. ಲೆಪ್ಕೆ ಬುಕಾಲ್ಟರ್ ಅನ್ನುವ ಗ್ಯಾಂಗ್ ನಾಯಕನನ್ನು 1944ರಲ್ಲಿ ವಿದ್ಯುತ್ ಕುರ್ಚಿಗೆ ಕಳಿಸಿದ್ದು ಅವರ ಆಡಳಿತದಲ್ಲೇ. 1952ರಲ್ಲಿ ಐಸೆನ್‌ಹೋವರ್ ಅವರನ್ನು ಅಧ್ಯಕ್ಷ ಚುನಾವಣೆಯಲ್ಲಿ ಗೆಲ್ಲಿಸಲು ದುಡಿದರು. ಆಮೇಲೆ ವಕೀಲಿಗೆ ಮರಳಿದರು. 1971ರಲ್ಲಿ ತೀರಿಕೊಂಡರು.

ಪ್ರಾಸಿಕ್ಯೂಟರ್ ಆದವರು ರಾಜಕೀಯಕ್ಕೆ ಹೋಗುವುದು ಸರಿಯೇ?
— ವಕೀಲರು, ಮಂಗಳೂರು

ಹೋಗಬಹುದು. ಕೈಯಲ್ಲಿ ಕೇಸು ಇಟ್ಟುಕೊಂಡು ಹೋಗಬಾರದು. ಡ್ಯೂಯಿ 1937ರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯಾಗಿ ಆಯ್ಕೆಯಾದರು. ಷೇರುಪೇಟೆಯ ಮಾಜಿ ಅಧ್ಯಕ್ಷ ರಿಚರ್ಡ್ ವಿಟ್ನಿಯಂಥ ಸಿರಿವಂತರನ್ನೂ ಜೈಲಿಗೆ ಕಳಿಸಿದರು, ಅದು ದೊಡ್ಡದು. 1938ರಲ್ಲಿ ಜಿಮ್ಮಿ ಹೈನ್ಸ್ ಎಂಬ ಪ್ರಬಲ ಡೆಮಾಕ್ರಟ್ ಮುಖಂಡನ ವಿಚಾರಣೆ ನಡೆಸುತ್ತಿದ್ದರು. ನಮ್ಮ ಓಸಿ ಮಟ್ಕಾದಂಥ ನಂಬರ್ ಆಟಕ್ಕೆ ರಕ್ಷಣೆ ಕೊಟ್ಟು ವಾರದ ಮಾಮೂಲು ಪಡೆಯುತ್ತಿದ್ದ ಎಂಬ ಆರೋಪ. ಡ್ಯೂಯಿ ಒಬ್ಬ ಸಾಕ್ಷಿಗೆ ಕೇಳುವ ಪ್ರಶ್ನೆಯಲ್ಲಿ ಹೈನ್ಸ್ ಹೆಸರನ್ನು ಕೋಳಿ ವ್ಯಾಪಾರದ ಸುಲಿಗೆಗೂ ಎಳೆದರು. ಅದು ಆ ಕೇಸಿನ ವಿಷಯವೇ ಅಲ್ಲ. ನ್ಯಾಯಾಧೀಶ ಫರ್ಡಿನಂಡ್ ಪೆಕೋರಾ ಇಡೀ ವಿಚಾರಣೆಯನ್ನೇ ರದ್ದು ಮಾಡಿದರು. ಅದೇ ತಿಂಗಳು ಡ್ಯೂಯಿ ಗವರ್ನರ್ ಹುದ್ದೆಗೆ ಅಭ್ಯರ್ಥಿಯಾದರು. ಲೀಮನ್ ಎದುರು ಸ್ವಲ್ಪದರಲ್ಲೇ ಸೋತು, ವಾಪಸು ಬಂದು 1939ರಲ್ಲಿ ಹೈನ್ಸ್‌ಗೆ ಶಿಕ್ಷೆ ಕೊಡಿಸಿದರು. ಕೊನೆ ಸರಿ ಹೋಯಿತು. ಆದರೆ ವಿರೋಧ ಪಕ್ಷದ ಮುಖಂಡನನ್ನು ಕಟಕಟೆಗೆ ನಿಲ್ಲಿಸಿದ ವರ್ಷವೇ ಆ ಪಕ್ಷದ ಗವರ್ನರ್ ಎದುರು ನಿಲ್ಲುವುದು ಒಪ್ಪುವ ಮಾತಲ್ಲ. ಆರೋಪಿ ಅನುಮಾನಪಡಲು ಅವಕಾಶವನ್ನೇ ಕೊಡಬಾರದು.

ಅವರ ಸಹಾಯಕರಲ್ಲೇ ಫ್ರಾಂಕ್ ಹೋಗನ್ ಎಂಬುವರಿದ್ದರು. ಡ್ಯೂಯಿ ನಂತರ ಡಿಸ್ಟ್ರಿಕ್ಟ್ ಅಟಾರ್ನಿಯಾದರು. 1958ರಲ್ಲಿ ಒಮ್ಮೆ ಸೆನೆಟ್ಟಿಗೆ ನಿಂತು ಸೋತದ್ದು ಬಿಟ್ಟರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕುರ್ಚಿಯಲ್ಲಿ ಕೆಲಸ ಮಾಡಿದರು. ನಮ್ಮ ಓದುಗರಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಸಹಾಯಕ ಸರ್ಕಾರಿ ಅಭಿಯೋಜಕರ ಪರೀಕ್ಷೆಗೆ ಓದುತ್ತಿದ್ದೇನೆ. ಡ್ಯೂಯಿ ಅವರಿಂದ ಕೆಲಸಕ್ಕೆ ಬರುವಂಥದ್ದು ಒಂದು ಹೇಳಿ ಮೇಡಂ.
— ಎಲ್‌ಎಲ್‌ಬಿ ಪದವೀಧರೆ, ರಾಯಚೂರು

ಲುಚಿಯಾನೋ ಪಾಟೀಸವಾಲನ್ನು ಗಮನಿಸಿ, ಮಗಳೇ. ಅವನು ತಾನಾಗಿ ಸಾಕ್ಷಿ ಕಟಕಟೆಗೆ ಬಂದ. ಡ್ಯೂಯಿ ಗಂಟೆಗಟ್ಟಲೆ ಕೇಳಿದರು. ಷಿಕಾಗೋದ ಗ್ಯಾಂಗ್ ನಾಯಕ ಅಲ್ ಕಪೋನ್ ಗೊತ್ತೇ? ಈ ಹೋಟೆಲಿಗೆ ಫೋನ್ ಮಾಡಿದ್ದೀಯಾ? ಅವನು ಇಲ್ಲ ಎಂದ ಕಡೆ ಹೋಟೆಲಿನ ಟೆಲಿಫೋನ್ ಬಿಲ್ಲು ತೆಗೆದು ಮುಂದಿಟ್ಟರು. ಆಮೇಲೆ ಅವನ ತೆರಿಗೆ ಪತ್ರ. ಕೂಗಾಡುವ ಅಗತ್ಯವೇ ಬೀಳಲಿಲ್ಲ. ಕಾಗದವನ್ನು ಮೊದಲೇ ತೋರಿಸಿದ್ದರೆ ಅವನು ಅದಕ್ಕೆ ತಕ್ಕ ಕತೆ ಕಟ್ಟುತ್ತಿದ್ದ. ಉತ್ತರ ದಾಖಲಾಗುವವರೆಗೆ ಕಾದು, ನಂತರ ತೋರಿಸಿದರು.

ಇವತ್ತು ನಿಮಗೆ ಆ ಬಿಲ್ಲಿನ ಬದಲು ಸಿಡಿಆರ್, ಅಂದರೆ ಫೋನ್ ಕಂಪನಿಯ ಕರೆ ದಾಖಲೆ, ಸಿಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಸರ್ಟಿಫಿಕೇಟ್ ಅದರ ಜೊತೆ ಇದೆಯೇ ಎಂದು ಚಾರ್ಜ್‌ಶೀಟ್ ಬಂದ ದಿನವೇ ನೋಡಿ. ಇಲ್ಲದಿದ್ದರೆ ತನಿಖಾಧಿಕಾರಿಗೆ ಅವತ್ತೇ ಪತ್ರ ಬರೆದು ತರಿಸಿಕೊಳ್ಳಿ. ಪರೀಕ್ಷೆಯಲ್ಲೂ ಈ ಕಲಂ ಮೇಲೆ ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ.